ಸ್ವಿಚ್ ಹಾಕುವ ಮೊದಲು ಮುಚ್ಚಳ ಬಿಚ್ಚಿ

ಹಳೆ ಕಂಪ್ಯೂಟರ್: ಓದುಗರ ಪ್ರಶ್ನೆ, ಬೆಳಗಾವಿಯ ರಿಪೇರಿಗಾರರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಥರದವು. ಮನೆಗೆ ಸುಣ್ಣ ಬಣ್ಣ ಹೊಡೆಸುವಾಗ ಅಟ್ಟದ ಮೇಲೆ ಹಳೆ ಕಂಪ್ಯೂಟರ್ ಸಿಕ್ಕಿದೆ, ಏನು ಮಾಡೋಣ ಅಂತ. ಒಬ್ಬರು ಸ್ವಿಚ್ ಹಾಕಿ, ಹೊಗೆ ನೋಡಿ, ಆಮೇಲೆ ಪತ್ರ ಬರೆದಿದ್ದಾರೆ. ಅವರಿಗೂ ಉತ್ತರ ಇದೆ. ಜಾಗ ಕಡಿಮೆ ಇರುವುದರಿಂದ ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ. ಹೆಸರು ಹಾಕಿಲ್ಲ, ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ಸರ್, ನಮ್ಮದು ಪವರ್‌ಲೂಮ್. ನಮ್ಮ ಅಪ್ಪಾರು 1994ರಲ್ಲಿ ಲೆಕ್ಕ ಬರೆಯಲು 486 ಪ್ರೊಸೆಸರ್‌ನ ಕಂಪ್ಯೂಟರ್ ತಂದಿದ್ದರು. ಕೂಲಿ ಲೆಕ್ಕ, ನೂಲಿನ ಖಾತೆ ಎಲ್ಲ ಅದರಲ್ಲೇ. ಮಗ್ಗದ ಮನೆ ಪಕ್ಕದ ಕೋಣೆಯಲ್ಲಿ ಗೋಣಿಚೀಲ ಮುಚ್ಚಿ ಇಟ್ಟು ಎಷ್ಟೋ ವರ್ಷ ಆಯಿತು. ಅಪ್ಪಾರು ಈಗ ಇಲ್ಲ. ಅವರು ಬರೆದ ಲೆಕ್ಕ ಒಮ್ಮೆ ನೋಡಬೇಕು ಅಂತ ಆಸೆ. ಸುಮ್ನೆ ಪ್ಲಗ್ ಹಾಕಿ ನೋಡಬಹುದಾ?
— ಬನಹಟ್ಟಿ

ಉತ್ತರ: ಬೇಡ. ಪ್ಲಗ್ ಹಾಕಬೇಡಿ. ಮೊದಲು ಸ್ಕ್ರೂಡ್ರೈವರ್ ತಗೊಂಡು ಮುಚ್ಚಳ ಬಿಚ್ಚಿ.

ಮಗ್ಗದ ಊರಿನ ಯಂತ್ರಗಳು ನಮ್ಮ ಅಂಗಡಿಗೆ ಬಂದಾಗ ಮುಚ್ಚಳ ತೆಗೆದರೆ ಬೋರ್ಡ್ ಕಾಣಿಸುವುದೇ ಇಲ್ಲ. ಹಾಸಿಗೆ ಹಾಸಿದ ಹಾಗೆ ಅರಳೆ ಕೂತಿರುತ್ತದೆ. ಇದನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ. ಮೆತ್ತಗಿನ ಬಣ್ಣದ ಬ್ರಷ್ ತಗೊಂಡು ಸಡಿಲ ಮಾಡಿ, ಆಮೇಲೆ ಕೈ ಬ್ಲೋವರ್‌ನಿಂದ ಊದಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಬೇಡ, ಅದರ ಗಾಳಿಯಲ್ಲಿ ನೀರು ಇರುತ್ತದೆ. ಊದುವಾಗ ಫ್ಯಾನಿನ ಎಲೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ, ಗಾಳಿಗೆ ಜೋರಾಗಿ ತಿರುಗಿದರೆ ಅದರ ಬೇರಿಂಗ್ ಹಾಳಾಗುತ್ತದೆ. ಬೋರ್ಡ್ ಮುಟ್ಟುವ ಮೊದಲು ಕ್ಯಾಬಿನೆಟ್‌ನ ಬಣ್ಣ ಇಲ್ಲದ ತಗಡು ಮುಟ್ಟಿ. ಚಳಿಗಾಲದ ಒಣ ಹವೆಯಲ್ಲಿ ಮೈಯಲ್ಲಿರುವ ಸ್ಟ್ಯಾಟಿಕ್ ಕರೆಂಟ್ ಒಂದು ಚಿಪ್ಪಿಗೆ ಸಾಕು.

ಈಗ ಮುಖ್ಯ ವಿಷಯ. ಬೋರ್ಡ್ ಮೇಲೆ, ಬಹಳ ಸಲ ಕೀಬೋರ್ಡ್ ಸಿಕ್ಕಿಸುವ ದುಂಡನೆ ಸಾಕೆಟ್ ಹತ್ತಿರ, ನೀಲಿ ಅಥವಾ ಹಸಿರು ಪ್ಲಾಸ್ಟಿಕ್ ಸುತ್ತಿದ ಸಣ್ಣ ಪೀಪಾಯಿ ಆಕಾರದ ಬ್ಯಾಟರಿ ಇರುತ್ತದೆ. 3.6 ವೋಲ್ಟಿನ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಅದು. ಆ ಕಾಲದ 386, 486 ಬೋರ್ಡ್‌ಗಳನ್ನು ಕೊಂದಿದ್ದು ಬಹುತೇಕ ಇದೇ. ಬಿಟ್ಟ ಕಡೆಯೇ ವರ್ಷಗಟ್ಟಲೆ ಕೂತರೆ ತುದಿಯಿಂದ ಸೋರುತ್ತದೆ. ಒಳಗಿನ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೋರ್ಡಿನ ತಾಮ್ರದ ಗೆರೆಗಳನ್ನು ತಿನ್ನುತ್ತಾ ಹೋಗುತ್ತದೆ. ನೋಡಿದರೆ ಗೊತ್ತಾಗುತ್ತದೆ: ಬ್ಯಾಟರಿ ಕಾಲಿನ ಸುತ್ತ ಬಿಳಿ ಪುಡಿ, ಅದರಾಚೆ ಹಸಿರು ಕಿಲುಬು, ಚಿಪ್ಪಿನ ಕಾಲುಗಳು ಹೊಳಪು ಹೋಗಿ ಬೂದು ಬಣ್ಣ. ಸೋರಿರಲಿ, ಬಿಡಲಿ, ಮೊದಲು ಅದನ್ನು ಕತ್ತರಿಸಿ ತೆಗೆಯಿರಿ. ಕೈಗೆ ಗ್ಲೌಸ್ ಇರಲಿ.

ಸೋರಿದ್ದರೆ ತೊಳೆಯಬೇಕು. ಇಲ್ಲಿ ಜನ ತಪ್ಪುವುದು ಜಾಸ್ತಿ. ಕಾರ್ ಬ್ಯಾಟರಿಗೆ ಸೋಡಾ ಹಾಕುತ್ತಾರೆ ಅಲ್ವಾ, ಅದೇ ಅಭ್ಯಾಸದಲ್ಲಿ ಇದಕ್ಕೂ ಅಡುಗೆ ಸೋಡಾ ಹಾಕುತ್ತಾರೆ. ಕಾರ್ ಬ್ಯಾಟರಿಯಲ್ಲಿರುವುದು ಆ್ಯಸಿಡ್, ಅದಕ್ಕೆ ಸೋಡಾ ಸರಿ. ಇದು ಕ್ಷಾರ, ಸೋಡಾದಿಂದ ಏನೂ ಆಗುವುದಿಲ್ಲ. ಇದಕ್ಕೆ ಬೇಕಾದದ್ದು ಬಿಳಿ ವಿನೆಗರ್. ಹಳೆ ಹಲ್ಲುಜ್ಜುವ ಬ್ರಷ್ ವಿನೆಗರ್‌ನಲ್ಲಿ ಅದ್ದಿ, ಕಿಲುಬು ಇರುವ ಕಡೆ ಮಾತ್ರ ತಿಕ್ಕಿ. ಸಣ್ಣಗೆ ನೊರೆ ಬರುತ್ತದೆ. ಇಂಡಿ ಊರಿನ ನಿಂಬೆಹಣ್ಣು ಎಷ್ಟೇ ಹೆಸರುವಾಸಿ ಇರಲಿ, ಬೋರ್ಡ್ ಮೇಲೆ ಹಿಂಡಬೇಡಿ, ಅದರ ಸಕ್ಕರೆ ಅಂಟಾಗಿ ಕೂರುತ್ತದೆ. ಆಮೇಲೆ ಡಿಸ್ಟಿಲ್ಡ್ ವಾಟರ್‌ನಿಂದ ತೊಳೆಯಿರಿ, ಇನ್ವರ್ಟರ್ ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ. ಮೊಬೈಲ್ ರಿಪೇರಿಯವರ ಹತ್ತಿರ ಐಪಿಎ ಅಂತ ಕೇಳಿ, ಕೊಡುತ್ತಾರೆ. ಎರಡು ದಿನ ನೆರಳಿನಲ್ಲಿ ಒಣಗಲಿ.

ಒಣಗಿದ ಮೇಲೆ ಮಲ್ಟಿಮೀಟರ್ ಅನ್ನು ಬೀಪ್‌ಗೆ ಇಟ್ಟು ಆ ಜಾಗದ ಒಂದೊಂದು ಗೆರೆಯನ್ನೂ ಈ ತುದಿಯಿಂದ ಆ ತುದಿಗೆ ಪರೀಕ್ಷೆ ಮಾಡಿ. ಕಣ್ಣಿಗೆ ಸರಿ ಕಂಡ ಗೆರೆ ಹಸಿರು ಬಣ್ಣದ ಕೆಳಗೆ ತುಂಡಾಗಿರುತ್ತದೆ. ತುಂಡಾದ ಕಡೆ ಕೂದಲೆಳೆಯ ಎನಾಮೆಲ್ ತಂತಿ ಹಾಕಿ ಸೋಲ್ಡರ್ ಮಾಡಬೇಕು. ಅದು ತಾಳ್ಮೆಯ ಕೆಲಸ. ಮೊಬೈಲ್ ಬೋರ್ಡ್ ಮಾಡುವ ಹುಡುಗರು ನನಗಿಂತ ಚೆನ್ನಾಗಿ ಮಾಡುತ್ತಾರೆ, ಅವರ ಹತ್ತಿರ ಮೈಕ್ರೋಸ್ಕೋಪ್ ಇದೆ.

ತೆಗೆದ ಬ್ಯಾಟರಿ ಜಾಗಕ್ಕೆ ಸಿಆರ್2032 ನಾಣ್ಯದ ಸೆಲ್ ನೇರವಾಗಿ ಹಾಕಬೇಡಿ. ಹಳೆ ಬೋರ್ಡ್ ತನ್ನ ಬ್ಯಾಟರಿಯನ್ನು ಚಾರ್ಜ್ ಮಾಡುತ್ತದೆ, ಲಿಥಿಯಂ ಸೆಲ್‌ಗೆ ಚಾರ್ಜ್ ಕೊಟ್ಟರೆ ಉಬ್ಬಿ ಒಡೆಯುತ್ತದೆ. ಹೆಚ್ಚಿನ ಬೋರ್ಡ್‌ಗಳಲ್ಲಿ ಹೊರಗಿನ ಬ್ಯಾಟರಿಗೆ ಅಂತ ನಾಲ್ಕು ಪಿನ್ನಿನ ಜಾಗ ಇರುತ್ತದೆ. ಜಂಪರ್, ಅಂದರೆ ಪಿನ್ನುಗಳ ಮೇಲೆ ಕೂರುವ ಸಣ್ಣ ಟೊಪ್ಪಿಗೆ, ಬದಲಿಸಿ, ಮೂರು ಪೆನ್ಸಿಲ್ ಸೆಲ್ ಹಿಡಿಯುವ ಡಬ್ಬಿಯ ವೈರು ಅಲ್ಲಿಗೆ ಕೊಡಿ. ಡಬ್ಬಿಯನ್ನು ಬೋರ್ಡಿನಿಂದ ದೂರ, ಕ್ಯಾಬಿನೆಟ್‌ನ ತಳಕ್ಕೆ ಅಂಟಿಸಿ. ಆ ಸೆಲ್ ಕೂಡ ಒಂದು ದಿನ ಸೋರುತ್ತದೆ, ಆದರೆ ತಗಡಿನ ಮೇಲೆ ಸೋರುತ್ತದೆ.

ಇನ್ನು ಪವರ್ ಸಪ್ಲೈ. ಹಿಂದುಗಡೆ 115 / 230 ಅಂತ ಕೆಂಪು ಜಾರುವ ಸ್ವಿಚ್ ಇದ್ದರೆ 230ಕ್ಕೇ ಇದೆಯಾ ನೋಡಿ. ಮಕ್ಕಳು ಆಡುತ್ತಾ ಅತ್ತಿತ್ತ ಜಾರಿಸಿರುತ್ತಾರೆ. 115ಕ್ಕೆ ಇದ್ದಾಗ ನಮ್ಮ ಕರೆಂಟ್ ಕೊಟ್ಟರೆ ಪಟಾಕಿ ಸದ್ದು ಬರುತ್ತದೆ, ಅಷ್ಟೇ. ನಿಮ್ಮದು ಎಟಿ ಕ್ಯಾಬಿನೆಟ್, ಅಂದರೆ ಮುಂದಿನ ಬಟನ್‌ಗೇ 230 ವೋಲ್ಟ್ ಬಂದಿರುತ್ತದೆ. ಈಗಿನ ಕಂಪ್ಯೂಟರ್‌ನ ಬಟನ್ ಅಂತ ತಿಳಿದು ಅದರ ಹಿಂದೆ ಕೈ ಹಾಕಬೇಡಿ.

ಬೋರ್ಡಿಗೆ ಹೋಗುವ ಎರಡು ಪ್ಲಗ್, ಪಿ8 ಮತ್ತು ಪಿ9, ಬಿಚ್ಚಿ. ಮೊದಲ ಸಲ ಕರೆಂಟ್ ಕೊಡುವುದು ಸಪ್ಲೈಗೆ ಮಾತ್ರ. ಹಳೆ ಸಪ್ಲೈ ಖಾಲಿ ಓಡುವುದಿಲ್ಲ, ಲೋಡ್ ಬೇಕು. ಗಾಡಿಯ ಬ್ರೇಕ್ ಲೈಟಿನ 12 ವೋಲ್ಟ್ 21 ವ್ಯಾಟ್ ಬಲ್ಬನ್ನು ಹಾರ್ಡ್ ಡಿಸ್ಕ್ ಪ್ಲಗ್ಗಿನ ಕೆಂಪು-ಕಪ್ಪು ವೈರಿಗೆ ಹಾಕಿ. ಮಂದವಾಗಿ ಉರಿಯುತ್ತದೆ. ಆಗ ಕೆಂಪು ವೈರಿನಲ್ಲಿ 4.75ರಿಂದ 5.25, ಹಳದಿಯಲ್ಲಿ 11.4ರಿಂದ 12.6 ವೋಲ್ಟ್ ಬರಬೇಕು. ಸರಿ ಇದ್ದರೆ ಕರೆಂಟ್ ತೆಗೆದು ಬೋರ್ಡಿಗೆ ಸಿಕ್ಕಿಸಿ. ಎರಡು ಪ್ಲಗ್ಗಿನ ಕಪ್ಪು ವೈರುಗಳು ನಡುವೆ ಅಕ್ಕಪಕ್ಕ ಬರಬೇಕು. ಅದಲು ಬದಲು ಆದರೂ ಪ್ಲಗ್ ಕೂರುತ್ತದೆ, ಬೋರ್ಡ್ ಮಾತ್ರ ಉಳಿಯುವುದಿಲ್ಲ.

ಅಪ್ಪಾರ ಲೆಕ್ಕದ ಬಗ್ಗೆ. ಪೇಟೆಯಲ್ಲಿ ಸಿಗುವ ಯುಎಸ್‌ಬಿ ಕನ್ವರ್ಟರ್‌ಗೆ ಆ ಹಾರ್ಡ್ ಡಿಸ್ಕ್ ಸಿಕ್ಕಿಸಿ ಓದಿಸುತ್ತೇನೆ ಅಂದುಕೊಳ್ಳಬೇಡಿ. ಅಷ್ಟು ಹಳೆಯ ಡಿಸ್ಕನ್ನು ಅವು ಹೆಚ್ಚಾಗಿ ಗುರುತಿಸುವುದೇ ಇಲ್ಲ. ಡಿಸ್ಕ್ ತನ್ನ ಹಳೆ ಯಂತ್ರದಲ್ಲೇ ಓಡಲಿ, ಅಲ್ಲಿಂದಲೇ ಫ್ಲಾಪಿಗೆ ಕಾಪಿ ಮಾಡಿ. ವಿಂಡೋಸ್‌ಗೂ ಹಿಂದಿನ ಆಪರೇಟಿಂಗ್ ಸಿಸ್ಟಮ್ ಆದ ಡಾಸ್ 6 ಇದ್ದರೆ ಅದರಲ್ಲೇ ಇಂಟರ್‌ಲಿಂಕ್ ಅನ್ನುವ ಪ್ರೋಗ್ರಾಂ ಇದೆ, ಕೇಬಲ್ ಹಾಕಿ ಇನ್ನೊಂದು ಡಾಸ್ ಯಂತ್ರಕ್ಕೆ ಕಳಿಸಬಹುದು. ಆ ಕಾಲದ ಲೆಕ್ಕದ ಪ್ರೋಗ್ರಾಂಗಳನ್ನು ನಮ್ಮ ಕಡೆ ಬಹಳ ಜನ ಡಿಬೇಸ್, ಫಾಕ್ಸ್‌ಪ್ರೊ, ಕ್ಲಿಪ್ಪರ್‌ನಲ್ಲೇ ಬರೆಯುತ್ತಿದ್ದರು. ಫೈಲ್ ಹೆಸರಿನ ಕೊನೆಗೆ ಡಿಬಿಎಫ್ ಅಂತ ಇದ್ದರೆ ನಿಮ್ಮ ಅದೃಷ್ಟ. ಇವತ್ತಿನ ಲಿಬ್ರೆ ಆಫೀಸ್ ಅದನ್ನು ನೇರವಾಗಿ ತೆರೆಯುತ್ತದೆ, ಕೂಲಿ ಲೆಕ್ಕ ಸಾಲು ಸಾಲಾಗಿ ಕಾಣುತ್ತದೆ. ಮೊದಲು ಆ ಕಾಪಿ ಆಗಲಿ. ಯಂತ್ರದ ಅಂದ ಚಂದ ಆಮೇಲೆ ನೋಡಿಕೊಳ್ಳೋಣ.

ಪ್ರಶ್ನೆ: ನಮ್ಮ ಹಳೆ ಕಂಪ್ಯೂಟರ್ ಚಾಲೂ ಆಗುತ್ತದೆ. ಆದರೆ ಪ್ರತಿ ಸಲ 1980ನೇ ಇಸವಿ ಜನವರಿ 1 ಅಂತ ತೋರಿಸುತ್ತದೆ. ಫ್ಲಾಪಿ ಹಾಕಿದರೆ ಮಾತ್ರ ಡಾಸ್ ಬರುತ್ತದೆ, ಸಿ ಡ್ರೈವ್ ಇಲ್ಲ ಅನ್ನುತ್ತದೆ. ನೋಡಿದವರು ಹಾರ್ಡ್ ಡಿಸ್ಕ್ ಹೋಗಿದೆ, ಎಸೆಯಿರಿ ಅಂದರು. ಹೌದೇನ್ರಿ?
— ಇಂಡಿ

ಉತ್ತರ: ತಡೀರಿ, ಎಸೆಯಬೇಡಿ. ಎರಡೂ ಒಂದೇ ಕಾಯಿಲೆ. 1980ರ ಜನವರಿ 1 ಅನ್ನುವುದು ಡಾಸ್‌ನ ಮೊದಲ ದಿನಾಂಕ, ಗಡಿಯಾರದಿಂದ ಏನೂ ಸಿಗದಿದ್ದರೆ ಅಲ್ಲಿಗೆ ಹೋಗಿ ನಿಲ್ಲುತ್ತದೆ. 1984ರ ಐಬಿಎಂ ಪಿಸಿ ಎಟಿಯಿಂದ ಈಚೆಗೆ ದಿನಾಂಕವೂ ಹಾರ್ಡ್ ಡಿಸ್ಕಿನ ಅಳತೆಯೂ ಒಂದೇ ಕಡೆ, ಬ್ಯಾಟರಿ ಮೇಲೆ ಬದುಕುವ ಸಿಮಾಸ್ ಮೆಮೊರಿಯಲ್ಲಿ ಇರುತ್ತವೆ. ಬ್ಯಾಟರಿ ಸತ್ತಿದೆ. ಡಿಸ್ಕ್ ಸತ್ತಿಲ್ಲ, ಯಂತ್ರ ಅದನ್ನು ಮರೆತಿದೆ.

ಡಿಸ್ಕ್ ಹತ್ತಿರ ಕಿವಿ ಇಡಿ. ಶುರುವಿನಲ್ಲಿ ಸುಂಯ್ ಅಂತ ವೇಗ ಏರುವ ಸದ್ದು ಕೇಳಿದರೆ ಆಸೆ ಇದೆ. ಡಿಸ್ಕಿನ ಮೇಲಿನ ಚೀಟಿಯಲ್ಲಿ ಸಿಲಿಂಡರ್, ಹೆಡ್, ಸೆಕ್ಟರ್ ಅಂತ ಮೂರು ಸಂಖ್ಯೆ ಇರುತ್ತವೆ. ಉದಾಹರಣೆಗೆ 1001, 15, 17. ಮೂರನ್ನೂ ಗುಣಿಸಿ, ಬಂದದ್ದನ್ನು 512ರಿಂದ ಗುಣಿಸಿದರೆ 13,06,90,560 ಬೈಟ್, ಅಂದರೆ 130 ಎಂಬಿ ಡಿಸ್ಕ್. ಲೆಕ್ಕ ಕೂಡಿದರೆ ಸಂಖ್ಯೆ ಸರಿ ಓದಿದ್ದೀರಿ ಅಂತ ಅರ್ಥ. ಶುರುವಿನಲ್ಲಿ ಡಿಲೀಟ್ ಕೀ ಒತ್ತಿ ಸೆಟಪ್‌ಗೆ ಹೋಗಿ. ಹಾರ್ಡ್ ಡಿಸ್ಕ್ ಟೈಪ್ 47 ಅಂದರೆ ನಮ್ಮದೇ ಸಂಖ್ಯೆ ಹಾಕುವ ಜಾಗ. ಅಲ್ಲಿ ಮೂರನ್ನೂ ತುಂಬಿ, ಸೇವ್ ಮಾಡಿ ಹೊರಬನ್ನಿ. ಸ್ವಲ್ಪ ಈಚಿನ ಯಂತ್ರವಾದರೆ ತಾನೇ ಹುಡುಕುವ ಆಟೋ ಡಿಟೆಕ್ಟ್ ಕೂಡ ಇರುತ್ತದೆ.

ಸಿ ಡ್ರೈವ್ ಬಂದರೂ ಫೈಲುಗಳ ಹೆಸರು ಚೆಲ್ಲಾಪಿಲ್ಲಿ ಕಂಡರೆ ಅಲ್ಲಿಗೇ ನಿಲ್ಲಿಸಿ, ಏನನ್ನೂ ಬರೆಯಬೇಡಿ, ಫಾರ್ಮ್ಯಾಟ್ ಅಂತೂ ಬೇಡವೇ ಬೇಡ. ಹಿಂದೆ ಸೆಟಪ್ ಮಾಡಿದವರು ಚೀಟಿಯ ಸಂಖ್ಯೆ ಬಿಟ್ಟು ಬೇರೆ ಸಂಖ್ಯೆ ಹಾಕಿರಬಹುದು. ಆಗಿನ ಇಂಜಿನಿಯರ್‌ಗಳು ಅದನ್ನು ಕ್ಯಾಬಿನೆಟ್ ಒಳಗೆ ಪೆನ್ಸಿಲ್‌ನಿಂದ ಬರೆದಿಡುತ್ತಿದ್ದರು, ಹುಡುಕಿ ನೋಡಿ. ಬ್ಯಾಟರಿಯ ಕತೆ ಮೇಲಿನ ಬನಹಟ್ಟಿ ಉತ್ತರದಲ್ಲಿದೆ. ದಿನಾಂಕದ ಚಿಂತೆ ಬಿಡಿ, ಡಾಸ್ 2099ರವರೆಗೆ ತಗೊಳ್ಳುತ್ತದೆ.

ಪ್ರಶ್ನೆ: ಸಾಹೇಬ್ರೆ, ಗೆಳೆಯರ ಮನೆಯಲ್ಲಿದ್ದ ಹಳೆ ಪಿಸಿ ತಂದು ಸ್ವಿಚ್ ಹಾಕಿದೆ. ಹತ್ತು ನಿಮಿಷ ಚೆನ್ನಾಗಿ ನಡೆಯಿತು. ಆಮೇಲೆ ಢಬ್ ಅಂತ ಸದ್ದು, ಹಿಂದಿನಿಂದ ದಟ್ಟ ಹೊಗೆ, ಮನೆ ತುಂಬ ಕೆಟ್ಟ ವಾಸನೆ. ಆಶ್ಚರ್ಯ ಏನಂದರೆ ಕಂಪ್ಯೂಟರ್ ಇನ್ನೂ ನಡೆಯುತ್ತಿದೆ! ಬಳಸಬಹುದಾ?
— ವಿಜಯಪುರ

ಉತ್ತರ: ಬಳಸಬೇಡಿ, ಗೋಡೆಯ ಪ್ಲಗ್ ತೆಗೆಯಿರಿ. ಹೋದದ್ದು ಪವರ್ ಸಪ್ಲೈ ಬಾಗಿಲಲ್ಲೇ ಕೂರುವ ಫಿಲ್ಟರ್ ಕೆಪಾಸಿಟರ್ ಇರಬೇಕು. ಹಳದಿ ಛಾಯೆಯ, ಒಳಗಿರುವುದು ಕಾಣುವಂಥ ಕವಚದ ಚೌಕ ತುಂಡು. ಒಳಗೆ ಕಾಗದದ ಸುರುಳಿ. ವರ್ಷ ಕಳೆದಂತೆ ಕವಚದಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ, ಕಾಗದ ಹವೆಯ ತೇವ ಹೀರುತ್ತದೆ, ಒಂದು ದಿನ ಕರೆಂಟ್ ಬಂದಾಗ ಸಿಡಿಯುತ್ತದೆ. ಅದರ ಕೆಲಸ ಲೈನಿನ ಗಲಾಟೆ ಸೋಸುವುದು ಮಾತ್ರ, ಅದಿಲ್ಲದೆಯೂ ಕಂಪ್ಯೂಟರ್ ನಡೆಯುತ್ತದೆ. ನಿಮ್ಮ ಆಶ್ಚರ್ಯಕ್ಕೆ ಕಾರಣ ಅದೇ.

ಕೆಲವು ಸಪ್ಲೈಗಳಲ್ಲಿ ಈ ಕೆಪಾಸಿಟರ್ ಸ್ವಿಚ್ಚಿಗಿಂತ ಮೊದಲೇ ಇರುತ್ತದೆ. ಕಂಪ್ಯೂಟರ್ ಬಂದ್ ಇದ್ದರೂ ಗೋಡೆಯ ಪ್ಲಗ್ ಚಾಲೂ ಇದ್ದರೆ ಅದರ ಮೇಲೆ 230 ವೋಲ್ಟ್ ಕೂತೇ ಇರುತ್ತದೆ. ಹಾಗಾಗಿ ಹಳೆ ಯಂತ್ರ ಬಳಸಿದ ಮೇಲೆ ಪ್ಲಗ್ಗನ್ನೇ ಕೀಳುವ ಅಭ್ಯಾಸ ಮಾಡಿಕೊಳ್ಳಿ.

ಬದಲಿಗೆ ಹಾಕುವಾಗ ಅಂಗಡಿಯವನು ಕೊಟ್ಟದ್ದು ಹಾಕಬೇಡಿ. ಮೇಲೆ ಎಕ್ಸ್2, 275 ವೋಲ್ಟ್ ಎಸಿ ಅಂತ ಬರೆದಿರಬೇಕು, ಮೈಕ್ರೊಫ್ಯಾರಡ್ ಹಳೆಯದರಷ್ಟೇ ಇರಬೇಕು. ಸಪ್ಲೈ ಡಬ್ಬಿ ಬಿಚ್ಚುವ ಕೆಲಸವನ್ನು ಟಿವಿ, ಎಸ್‌ಎಂಪಿಎಸ್ ರಿಪೇರಿ ಗೊತ್ತಿದ್ದವರಿಗೆ ಕೊಡಿ. ಒಳಗಿನ ದೊಡ್ಡ ಕೆಪಾಸಿಟರ್‌ಗಳಲ್ಲಿ 300 ವೋಲ್ಟಿಗಿಂತ ಜಾಸ್ತಿ ಡಿಸಿ ಪ್ಲಗ್ ಕಿತ್ತ ಮೇಲೂ ಇರುತ್ತದೆ.

ನಿಮ್ಮದು ಇನ್ನೂ ಹಳೆಯ, ಪಿಸಿ ಎಟಿಗೂ ಹಿಂದಿನ ಪಿಸಿ ಎಕ್ಸ್‌ಟಿ ಕಾಲದ ಯಂತ್ರವಾದರೆ ಇನ್ನೊಂದು ಮಾತು. ಆ ಬೋರ್ಡ್‌ಗಳ ಮೇಲೆ ಬೇಳೆಕಾಳಿನಷ್ಟು ದಪ್ಪದ ಟ್ಯಾಂಟಲಮ್ ಕೆಪಾಸಿಟರ್‌ಗಳಿವೆ. ಅವು ಸಾಯುವಾಗ ಶಾರ್ಟ್ ಆಗುತ್ತವೆ. ಆಗ ಫ್ಯಾನ್ ಒಂದು ಸಲ ಅಲ್ಲಾಡಿ ನಿಲ್ಲುತ್ತದೆ, ಸಪ್ಲೈ ಶಾರ್ಟ್ ಕಂಡು ತಾನೇ ಬಂದ್ ಆಗುತ್ತದೆ. ಜನ ಸಪ್ಲೈ ಹೋಗಿದೆ ಅಂತ ಹೊಸದು ತರುತ್ತಾರೆ, ಅದೂ ಹಾಗೇ ಮಾಡುತ್ತದೆ. 12 ವೋಲ್ಟಿನ ಲೈನಿಗೂ ಕಪ್ಪು ವೈರಿಗೂ ನಡುವೆ ಮೀಟರ್ ಇಟ್ಟು ನೋಡಿ. ಶಾರ್ಟ್ ತೋರಿಸಿದರೆ ಕಾರ್ಡ್‌ಗಳನ್ನು ಒಂದೊಂದಾಗಿ ಕಿತ್ತು ನೋಡುತ್ತಾ ಬನ್ನಿ. ಬದಲಿಸುವಾಗ 16 ವೋಲ್ಟಿನದು ಬಿಟ್ಟು 25 ವೋಲ್ಟಿನದು ಹಾಕಿ, ಪ್ಲಸ್ ಮೈನಸ್ ನೋಡಿಕೊಳ್ಳಿ.

ಪ್ರಶ್ನೆ: ನಮ್ಮ ವರ್ಕ್‌ಶಾಪಿನ ಒಂದು ಟೆಸ್ಟಿಂಗ್ ಮಷಿನ್ ಇವತ್ತಿಗೂ ಡಾಸ್ ಕಂಪ್ಯೂಟರ್ ಮೇಲೆ ನಡೆಯುತ್ತದೆ. ಅದರೊಳಗೆ ಕಂಪನಿಯ ಒಂದು ಉದ್ದ ಕಾರ್ಡ್ ಇದೆ. ಫ್ಲಾಪಿ ಓದುವುದು ದಿನಾ ತಕರಾರು. ಹೊಸ ಮಷಿನ್‌ಗೆ ಲಕ್ಷಗಟ್ಟಲೆ ಹೇಳುತ್ತಾರೆ. ಇದನ್ನೇ ಎಷ್ಟು ದಿನ ಎಳೆಯಬಹುದು?
— ಉದ್ಯಮಬಾಗ, ಬೆಳಗಾವಿ

ಉತ್ತರ: ಸರಿಯಾಗಿ ನೋಡಿಕೊಂಡರೆ ಬಹಳ ದಿನ. ಇಂಥ ಯಂತ್ರ ಕಂಡರೆ ನನಗೆ ಖುಷಿ. ಅಟ್ಟದ ಮೇಲಿರುವುದಕ್ಕಿಂತ ದುಡಿಯುವ ಯಂತ್ರವೇ ಚೆನ್ನಾಗಿ ಉಳಿಯುತ್ತದೆ.

ನಿಮ್ಮ ಕಡೆಯ ಶತ್ರು ಫೌಂಡ್ರಿಯ ಕರಿ ಧೂಳು. ಬನಹಟ್ಟಿ ಅರಳೆ ಬಿಸಿ ಮಾತ್ರ ಮಾಡುತ್ತದೆ. ನಿಮ್ಮ ಧೂಳಿನಲ್ಲಿ ಕಬ್ಬಿಣ ಇದೆ, ಅದು ಪಿನ್ನುಗಳ ನಡುವೆ ಕೂತು ಶಾರ್ಟ್ ಮಾಡುತ್ತದೆ. ಮಳೆಗಾಲದಲ್ಲಿ ಬೆಳಗಾವಿಯ ತೇವ ಸೇರಿದರೆ ಕೇಳುವುದೇ ಬೇಡ. ಜೂನ್‌ಗೆ ಮೊದಲು ಒಂದು ಸಲ, ದಸರೆ ಆದ ಮೇಲೆ ಒಂದು ಸಲ ಬಿಚ್ಚಿ ಸ್ವಚ್ಛ ಮಾಡಿಸಿ. ಗಾಳಿ ಒಳಗೆ ಬರುವ ಕಡೆ ತೆಳು ಫೋಮ್ ಕಟ್ಟಿ, ತಿಂಗಳಿಗೊಮ್ಮೆ ಅದನ್ನು ಜಾಡಿಸಿ.

ಫ್ಲಾಪಿ ಡ್ರೈವ್‌ಗೆ: ಕಿವಿ ಕಡ್ಡಿಯ ಹತ್ತಿಗೆ ಐಪಿಎ ಹಚ್ಚಿ ಹೆಡ್ ಒರೆಸಿ. ಮೇಲಿನ ಹೆಡ್ಡನ್ನು ಎತ್ತುವಾಗ ಹುಷಾರು, ಅದು ತೆಳು ಸ್ಪ್ರಿಂಗ್ ಮೇಲೆ ನಿಂತಿರುತ್ತದೆ, ಸ್ವಲ್ಪ ಬಗ್ಗಿದರೆ ಡ್ರೈವ್ ಮುಗಿಯಿತು. ಬೂಷ್ಟು ಹಿಡಿದ ಫ್ಲಾಪಿ ಹಾಕಲೇಬೇಡಿ. ಶಟರ್ ಸರಿಸಿ ಬೆಳಕಿಗೆ ಹಿಡಿದರೆ ಬಿಳಿ ಚುಕ್ಕೆ ಕಾಣುತ್ತವೆ. ಒಂದು ಕೆಟ್ಟ ಫ್ಲಾಪಿ ಹೆಡ್ಡನ್ನು ಹೊಲಸು ಮಾಡುತ್ತದೆ, ಆ ಹೆಡ್ಡು ಮುಂದೆ ಬರುವ ಎಲ್ಲ ಒಳ್ಳೆ ಫ್ಲಾಪಿಗಳನ್ನೂ ಗೀರುತ್ತದೆ.

ಆದರೆ ದಿನದ ಕೆಲಸಕ್ಕೆ ನಾನು ಹೇಳುವುದು ಗೋಟೆಕ್ ಹಾಕಿಸಿ ಅಂತ. ಫ್ಲಾಪಿ ಡ್ರೈವಿನ ಜಾಗದಲ್ಲೇ ಕೂರುತ್ತದೆ, ಅದೇ 34 ಪಿನ್ನಿನ ಕೇಬಲ್, ಮುಂದೆ ಪೆನ್‌ಡ್ರೈವ್ ಹಾಕುವುದು. ಯಂತ್ರಕ್ಕೆ ಅದು ಫ್ಲಾಪಿ ಅಂತಲೇ ಕಾಣುತ್ತದೆ. ತಗೊಳ್ಳುವ ಮೊದಲು ನಿಮ್ಮದು 1.44 ಎಂಬಿಯೋ 720 ಕೆಬಿಯೋ ನೋಡಿಕೊಳ್ಳಿ.

ಹಾರ್ಡ್ ಡಿಸ್ಕಿಗೂ ಇದೇ ದಾರಿ. ಕಾಂಪ್ಯಾಕ್ಟ್ ಫ್ಲಾಶ್ ಕಾರ್ಡ್, ಅಂದರೆ ಹಳೆ ಕ್ಯಾಮೆರಾ ಕಾರ್ಡ್, ಹಳೆ ಹಾರ್ಡ್ ಡಿಸ್ಕಿನ ಐಡಿಇ ಭಾಷೆಯನ್ನೇ ಮಾತಾಡುತ್ತದೆ, ಸಣ್ಣ ಅಡಾಪ್ಟರ್ ಸಾಕು. ದೊಡ್ಡ ಕಾರ್ಡ್ ತಂದು ಹಣ ಹಾಳು ಮಾಡಬೇಡಿ. ಹಳೆ ಬಯೋಸ್‌ಗೆ, ಅಂದರೆ ಯಂತ್ರ ಚಾಲೂ ಮಾಡುವ ಬೋರ್ಡಿನೊಳಗಿನ ಪ್ರೋಗ್ರಾಂಗೆ, 1024 ಸಿಲಿಂಡರ್, 16 ಹೆಡ್, 63 ಸೆಕ್ಟರ್ ಮೀರಿ ಕಾಣುವುದಿಲ್ಲ, ಅದು 528 ಎಂಬಿ. ಬಯೋಸ್ ಒಪ್ಪಿದರೂ ಡಾಸ್ 6.22 ಒಂದು ಪಾರ್ಟಿಷನ್‌ಗೆ 2 ಜಿಬಿ ಮೇಲೆ ಕೊಡುವುದಿಲ್ಲ. ಹಳೆ ಡಿಸ್ಕ್ ಕಾಪಿ ಆದ ಮೇಲೆ ಅದನ್ನು ಒರೆಸಬೇಡಿ, ಚೀಟಿ ಅಂಟಿಸಿ ಬೀರುವಿನಲ್ಲಿಡಿ.

ಕೊನೆಗೆ ಆ ಉದ್ದ ಕಾರ್ಡ್. ಅದು ಐಎಸ್‌ಎ ಕಾರ್ಡ್, ಈಗಿನ ಸಾಮಾನ್ಯ ಬೋರ್ಡುಗಳಲ್ಲಿ ಆ ಹಳೆ ಕಾಲದ ಸ್ಲಾಟ್ ಇಲ್ಲ. ಐಎಸ್‌ಎ ಸ್ಲಾಟ್ ಇರುವ ಇನ್ನೊಂದು ಹಳೆ ಬೋರ್ಡ್ ಎಲ್ಲಿ ಕಂಡರೂ ಬಿಡಬೇಡಿ. ಗುಜರಿಯಲ್ಲಿ ಕಂಡರೂ ತಗೊಳ್ಳಿ.

ಪ್ರಶ್ನೆ: ನಮ್ಮ ಪ್ರೆಸ್‌ನಲ್ಲಿ ಹಿಂದಿನ ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್, ಒಂದು ಪುರಾಣದ ಪುಸ್ತಕ ಎಲ್ಲ ವಿಂಡೋಸ್ 98ರ ಕಂಪ್ಯೂಟರ್‌ನಲ್ಲಿವೆ. ಪೆನ್‌ಡ್ರೈವ್‌ಗೆ ಹಾಕಿ ಹೊಸ ಕಂಪ್ಯೂಟರ್‌ನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ತಲೆ ಮೇಲೆ ಗೆರೆ ಚುಕ್ಕೆ ಇರುವ ಚಿತ್ರವಿಚಿತ್ರ ಅಕ್ಷರ. ವೈರಸ್ ಬಂದಿದೆಯಾ?
— ಬಾಗಲಕೋಟೆ

ಉತ್ತರ: ವೈರಸ್ ಅಲ್ಲ, ಫೈಲ್ ಹಾಳೂ ಆಗಿಲ್ಲ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ 1991ರಲ್ಲೇ ಸಿಕ್ಕಿತ್ತು, ಆದರೆ ವಿಂಡೋಸ್ 98 ಕಾಲದಲ್ಲಿ ಡಿಟಿಪಿಯವರು ಯಾರೂ ಅದನ್ನು ಬಳಸಲಿಲ್ಲ. ಇಂಗ್ಲಿಷ್ ಅಕ್ಷರದ ಕೋಡ್ ಇಟ್ಟುಕೊಂಡು, ಫಾಂಟಿನಲ್ಲಿ ಅದರ ಚಿತ್ರ ಮಾತ್ರ ಕನ್ನಡದ ತುಂಡು ಅಂತ ಮಾಡಿದ್ದರು. ಒಂದು ತುಂಡು ತಲೆಕಟ್ಟು, ಒಂದು ತುಂಡು ಒತ್ತು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ನೀವು ಕಂಡದ್ದು. ಒಂದೊಂದು ಕಂಪನಿಯದು ಒಂದೊಂದು ಜೋಡಣೆ ಬೇರೆ.

ಹಳೆ ಕಂಪ್ಯೂಟರ್‌ನ ವಿಂಡೋಸ್ ಫೋಲ್ಡರ್ ಒಳಗೆ ಫಾಂಟ್ಸ್ ಅಂತ ಇದೆ. ಅದನ್ನು ಪೂರ್ತಿ ಕಾಪಿ ಮಾಡಿಕೊಳ್ಳಿ, ಇದನ್ನು ಇವತ್ತೇ ಮಾಡಿ. ಫೈಲಿಗಿಂತ ಫಾಂಟ್ ಮುಖ್ಯ. ಹೊಸ ಕಂಪ್ಯೂಟರ್‌ಗೆ ಆ ಫಾಂಟ್ ಹಾಕಿದರೆ ಲಗ್ನಪತ್ರಿಕೆ ಮೊದಲಿನ ಹಾಗೇ ಕಾಣುತ್ತದೆ. ಪುರಾಣದ ಪುಸ್ತಕವನ್ನು ಮಾತ್ರ ಯೂನಿಕೋಡ್‌ಗೆ ಬದಲಿಸಿ. 1998ರಲ್ಲಿ ಬಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಈ ಎರಡರಲ್ಲಿ ಬರೆದದ್ದಾದರೆ ಬದಲಿಸುವ ಕನ್ವರ್ಟರ್ ಸುಲಭವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಒಬ್ಬರು ಕೂತು ಓದಲೇಬೇಕು. ಅರ್ಕಾವೊತ್ತು, ಅಂಕಿ, ಉದ್ಧರಣ ಚಿಹ್ನೆ ಈ ಮೂರು ಕಡೆ ಎಡವುತ್ತದೆ.

ಪ್ರಶ್ನೆ: ಸರ್, ನಾನು ಇಂಜಿನಿಯರಿಂಗ್ ವಿದ್ಯಾರ್ಥಿ. ಹಳೆ ಪೆಂಟಿಯಂ 3 ಸಿಕ್ಕಿದೆ. ಅವಾರ್ಡ್ ಬಯೋಸ್. ಒಂದು ಉದ್ದ, ಎರಡು ಚಿಕ್ಕ ಬೀಪ್ ಬರುತ್ತದೆ, ಪರದೆ ಕಪ್ಪು. ರ‍್ಯಾಮ್ ಕೆಟ್ಟಿದೆಯಾ?
— ಬೆಳಗಾವಿ

ಉತ್ತರ: ರ‍್ಯಾಮ್ ಅಲ್ಲ, ಡಿಸ್‌ಪ್ಲೇ ಕಾರ್ಡ್. ರ‍್ಯಾಮ್ ಸಿಗದಿದ್ದರೆ ಅವಾರ್ಡ್ ಉದ್ದ ಬೀಪನ್ನು ಬಿಟ್ಟು ಬಿಟ್ಟು ಹೊಡೆಯುತ್ತಲೇ ಇರುತ್ತದೆ. ಕಾರ್ಡ್ ಕಿತ್ತು, ಅದರ ಚಿನ್ನದ ಬಣ್ಣದ ಅಂಚನ್ನು ಐಪಿಎ ಬಟ್ಟೆಯಿಂದ ಒರೆಸಿ, ಮತ್ತೆ ಒತ್ತಿ ಕೂರಿಸಿ. ಎಲ್ಲರೂ ಪೆನ್ಸಿಲ್ ರಬ್ಬರ್ ಹಾಕಿ ಗಸಗಸ ತಿಕ್ಕುತ್ತಾರೆ. ಒಂದು ಸಲ ಮೆಲ್ಲಗೆ ಪರವಾಗಿಲ್ಲ, ಪದೇ ಪದೇ ಬೇಡ. ಆ ಚಿನ್ನದ ಲೇಪ ಬಹಳ ತೆಳು.

ಜೊತೆಗೆ ಪ್ರೊಸೆಸರ್ ಸುತ್ತ ನಿಂತಿರುವ ಕೆಪಾಸಿಟರ್‌ಗಳ ತಲೆ ಮುಟ್ಟಿ ನೋಡು. ಚಪ್ಪಟೆ ಇರಬೇಕು. ಉಬ್ಬಿದ್ದರೆ, ಕಂದು ಬಣ್ಣದ ಅಂಟು ಕಂಡರೆ ಬದಲಿಸಬೇಕು. 1999ರಿಂದ 2007ರ ಸುಮಾರಿನ ಬಹಳ ಬೋರ್ಡ್‌ಗಳಿಗೆ ಕಳಪೆ ಎಲೆಕ್ಟ್ರೊಲೈಟ್ ತುಂಬಿದ ಕೆಪಾಸಿಟರ್ ಬಂದಿದ್ದವು. ಲೋ ಇಎಸ್‌ಆರ್, 105 ಡಿಗ್ರಿ ಅಂತ ಕೇಳಿ ತಗೊ.

ಪ್ರಶ್ನೆ: ಕಾಕಾ, ನಮ್ಮ ಮನೆಯ ಹಳೆ ಡಬ್ಬಾ ಮಾನಿಟರ್ ಪೂರ್ತಿ ಹಳದಿ ಆಗಿದೆ. ಬಿಚ್ಚಿ ಸೋಪಿನ ನೀರಿನಲ್ಲಿ ತೊಳೆದರೆ ಬೆಳ್ಳಗೆ ಆಗುತ್ತದಾ? ನಾನು ಎಂಟನೇ ಇಯತ್ತೆ.
— ಇಳಕಲ್

ಉತ್ತರ: ನೋಡವಾ ತಂಗಿ, ಮಾನಿಟರ್ ಬಿಚ್ಚಬಾರದು. ನೀನೂ ಬೇಡ, ನಿಮ್ಮ ಅಣ್ಣನೂ ಬೇಡ. ಬಣ್ಣದ ಮಾನಿಟರ್‌ನ ಗಾಜಿನ ಕೊಳವೆಗೆ ಸುಮಾರು 25,000 ವೋಲ್ಟ್ ಹೋಗುತ್ತದೆ, ಬಂದ್ ಮಾಡಿದ ಮೇಲೂ ಒಳಗೆ ಉಳಿದಿರುತ್ತದೆ. ಹೊರಗಿನಿಂದ ಒದ್ದೆ ಬಟ್ಟೆ ಹಿಂಡಿ ಒರೆಸು, ಅಷ್ಟು ಸಾಕು.

ಹಳದಿ ಆಗಿದ್ದು ಹೊಲಸಿನಿಂದ ಅಲ್ಲ. ಬೆಂಕಿ ಹತ್ತದಿರಲಿ ಅಂತ ಆ ಪ್ಲಾಸ್ಟಿಕ್‌ಗೆ ಬ್ರೋಮಿನ್ ಇರುವ ಪದಾರ್ಥ ಬೆರೆಸಿರುತ್ತಾರೆ. ಬಿಸಿಲು, ಬಿಸಿ ತಾಗಿ ಅಂಥ ಪ್ಲಾಸ್ಟಿಕ್ ಹಳದಿ ತಿರುಗುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟು ಬೆಳ್ಳಗೆ ಮಾಡುವವರಿದ್ದಾರೆ. ಕೆಲವು ವರ್ಷದಲ್ಲಿ ಮತ್ತೆ ಹಳದಿ ಬರುತ್ತದೆ, ಕೈ ಸುಡುವುದು ಬೇರೆ. ನನಗಂತೂ ಹಳದಿಯೇ ಚೆಂದ ಕಾಣುತ್ತದೆ.

ಪ್ರಶ್ನೆ: ಇದನ್ನೆಲ್ಲ ರಿಪೇರಿ ಮಾಡುವ ಪುರುಸೊತ್ತು ನನಗಿಲ್ಲ. ಗುಜರಿಯವನು ತೂಕಕ್ಕೆ ಕೇಳುತ್ತಿದ್ದಾನೆ. ಕೊಟ್ಟುಬಿಡಲಾ?
— ಗೋಕಾಕ

ಉತ್ತರ: ಕೊಡಿ, ತಪ್ಪೇನಿಲ್ಲ. ಆದರೆ ವೈರು ಸುಟ್ಟು ತಾಮ್ರ ತೆಗೆಯುವವನಿಗೆ ಕೊಡಬೇಡಿ. ಮಾನಿಟರ್ ಗಾಜಿನಲ್ಲಿ ಸೀಸ ಇದೆ, ಒಡೆದು ಹಳ್ಳಕ್ಕೆ ಸುರಿದರೆ ಅದು ನೀರಿಗೆ ಹೋಗುತ್ತದೆ. ಇ-ತ್ಯಾಜ್ಯದ ಹೊಸ ನಿಯಮ 2023ರ ಏಪ್ರಿಲ್‌ನಿಂದ ಜಾರಿಯಲ್ಲಿದೆ, ನೋಂದಣಿ ಮಾಡಿಸಿದ ರೀಸೈಕ್ಲರ್‌ಗಳಿಗೆ ಕೊಡುವುದು ಸರಿ.

ಹಾರ್ಡ್ ಡಿಸ್ಕ್ ಕಿತ್ತು ಮನೆಯಲ್ಲೇ ಇಟ್ಟುಕೊಳ್ಳಿ, ಅದರಲ್ಲಿ ನಿಮ್ಮ ಬ್ಯಾಂಕಿನ ಕಾಗದವೂ ಇರಬಹುದು. ಬೋರ್ಡಿನಲ್ಲಿ ಉದ್ದನೆಯ ಕರಿ ಐಎಸ್‌ಎ ಸ್ಲಾಟ್ ಇದ್ದರೆ ಗುಜರಿಗೆ ಹಾಕುವ ಮೊದಲು ಒಂದು ಫೋಟೊ ತೆಗೆದು ಪತ್ರಿಕೆಗೆ ಕಳಿಸಿ, ಮೇಲಿನ ಉದ್ಯಮಬಾಗದವರು ಅಂಥದ್ದನ್ನೇ ಹುಡುಕಬೇಕಾಗಿದೆ. ಕೀಬೋರ್ಡ್ ಟಕಟಕ ಸದ್ದಿನ ಟಿವಿಎಸ್ ಗೋಲ್ಡ್ ಆಗಿದ್ದರೆ ಅದನ್ನಂತೂ ತೂಕಕ್ಕೆ ಹಾಕಬೇಡಿ. ಕೀಲಿಗಳನ್ನು ಕಿತ್ತು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ ಹಾಕಿದರೆ ಹೊಸದರ ಹಾಗೆ ನಡೆಯುತ್ತದೆ. ದುಂಡನೆ ದೊಡ್ಡ ಪಿನ್ ಆದರೆ ಮೊದಲು ಪಿಎಸ್2 ಅಡಾಪ್ಟರ್, ಆಮೇಲೆ ಒಳಗೆ ಚಿಪ್ ಇರುವ ಯುಎಸ್‌ಬಿ ಕನ್ವರ್ಟರ್, ಇವತ್ತಿನ ಕಂಪ್ಯೂಟರ್‌ಗೂ ಹಾಕಬಹುದು. ನಿಮಗೆ ಬೇಡವಾದರೆ ಅಂಗಡಿಗೆ ತಗೊಂಡು ಬನ್ನಿ, ನಾನೇ ರೊಕ್ಕ ಕೊಟ್ಟು ಇಟ್ಟುಕೊಳ್ಳುತ್ತೇನೆ.